ಬೆಟ್ಟವಿಲ್ಲದ ಊರಿನ ಹನ್ನೊಂದು ಬೆಟ್ಟಗಳು

ಭೂಗೋಳವನ್ನು ಬೋಧಿಸಿದ ಮಹನೀಯರು ಫ್ರಾನ್ಸ್ ದೇಶದಲ್ಲಿ ಸಾವಿರಾರು ಮಂದಿ ಇದ್ದಾರು. ಆದರೆ ಆ ಶಾಸ್ತ್ರದ ಒಂದೇ ಒಂದು ಪದವನ್ನು ಸರಿಯಾಗಿ ಅರ್ಥ ಮಾಡಿಕೊಂಡು ಒಂದು ಶಾಲೆಯನ್ನೂ, ಅದರ ಬೆನ್ನಿಗೇ ಒಂದು ಊರನ್ನೂ ಉಳಿಸಿಕೊಟ್ಟವರು ನನಗೆ ತಿಳಿದಂತೆ ಒಬ್ಬರೇ. ಓಬ್ರಾಕ್ ಪ್ರಸ್ಥಭೂಮಿಯ ಮೇಲಿರುವ ನಮ್ಮ ಲಾ ಫಾಜ್ ಗ್ರಾಮದ ಏಕೋಪಾಧ್ಯಾಯ ಶಾಲೆಯಲ್ಲಿ ಮೂವತ್ತೇಳು ವರ್ಷಗಳ ಕಾಲ ಎಡೆಬಿಡದೆ ಸೇವೆ ಸಲ್ಲಿಸಿ, ಈ ಜುಲೈ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಮಾನ್ಯ ಬ್ಲಾಂಡೀನ್ ದೆಕೂನಿಂಕ್ ಅವರಿಗೆ ಅರ್ಪಿತವಾಗುತ್ತಿರುವ ಈ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನಗೆ ಒದಗಿರುವುದು ನನ್ನ ಯೋಗ್ಯತೆಯಿಂದಲ್ಲ. ಸಂಪುಟ ಸಮಿತಿಯವರು ಮೊದಲು ಪಶುವೈದ್ಯರನ್ನು ಕೇಳಿದರು, ಅವರಿಗೆ ಬಿಡುವಿರಲಿಲ್ಲ. ಆಮೇಲೆ ಪಾದ್ರಿಗಳನ್ನು ಕೇಳಿದರು. ಅವರು ಸಂತೋಷದಿಂದ ಒಪ್ಪಿಕೊಂಡು ಮರೆತುಬಿಟ್ಟರು. ಮೂರನೆಯವಳು ನಾನು, ಕ್ಲೆಮಾನ್ಸ್ ಬೂನಿಯೋಲ್, ಅದೇ ಶಾಲೆಯ ಅಡುಗೆಯವಳು.

ಸಮಿತಿಯ ಅಧ್ಯಕ್ಷರೂ ನಮ್ಮೂರಿನ ಮಾಜಿ ಮೇಯರರೂ ಆದ ಲೆಯೋನ್ಸ್ ಶಾಸಾಂಗ್ ಅವರಿಗೆ ಈಗ ಎಂಬತ್ತನಾಲ್ಕು. ಕಾಗದ ಕೊಡುವಾಗ ಅವರು ನನಗೆ ಎಚ್ಚರಿಕೆ ಹೇಳಿದರು: “ಗೌರವವಾಗಿ ಬರಿ, ಕ್ಲೆಮಾನ್ಸ್. ನಿನ್ನ ಬಾಯಿ ಬೇರೆ, ಪುಸ್ತಕ ಬೇರೆ. ಆ ಫಾರಮ್ಮಿನ ವಿಷಯ ಮಾತ್ರ ಎತ್ತಬೇಡ.” ಮಾನ್ಯ ಅಧ್ಯಕ್ಷರ ಮಾತಿನ ಮೊದಲ ಭಾಗವನ್ನು ಶಿರಸಾವಹಿಸಿದ್ದೇನೆ. ಫಾರಮ್ಮಿನ ವಿಷಯವನ್ನು ಬಿಟ್ಟು ಈ ಲೇಖನ ಬರೆಯುವುದೆಂದರೆ ಆಲೂಗಡ್ಡೆ ಬಿಟ್ಟು ನಮ್ಮ ಸೀಮೆಯ ಆಲಿಗೊ ಅಡುಗೆ ಮಾಡಿದ ಹಾಗೆ, ಆದ್ದರಿಂದ ಎರಡನೆಯ ಭಾಗಕ್ಕೆ ಅವರು ದಯವಿಟ್ಟು ಕ್ಷಮಿಸಬೇಕು.

ದೆಕೂನಿಂಕ್ ಅವರು ನಮ್ಮೂರಿಗೆ ಬಂದದ್ದು ೧೯೮೫ರ ಸೆಪ್ಟೆಂಬರಿನಲ್ಲಿ. ದೇಶದ ಉತ್ತರದ ತುದಿಯ ಫ್ಲಾಂಡರ್ಸ್ ಅವರ ತವರು. ತಂದೆ ಕಾಲುವೆಯ ತೂಬು ಕಾಯುವವರು. ಆ ಸೀಮೆಯಲ್ಲಿ ಅತ್ಯಂತ ಎತ್ತರದ ವಸ್ತುವೆಂದರೆ ಚರ್ಚಿನ ಗೋಪುರವಂತೆ, ಅದರ ನಂತರ ಹುಲ್ಲಿನ ಬಣವೆಯಂತೆ. ಇಪ್ಪತ್ತಮೂರು ವರ್ಷದ ಈ ಕೋಲುಮೈಯ ಹುಡುಗಿ, ತಿರುವುಗಳಿಂದ ತಲೆ ಸುತ್ತಿ ಮುಖವೆಲ್ಲ ಹಸಿರಾಗಿ ಬಸ್ಸಿನಿಂದಿಳಿದಾಗ ಬಸ್ಸಿನ ನೆತ್ತಿಯ ಮೇಲೆ ಅವರ ಸೈಕಲ್ ಇತ್ತು.

“ಇದ್ಯಾಕಮ್ಮ ಇಲ್ಲಿಗೆ?” ಅಂದರು ಲೆಯೋನ್ಸ್.

“ನಮ್ಮ ಕಡೆ ಎಲ್ಲಾರೂ ಸೈಕಲಲ್ಲೇ ಓಡಾಡೋದು, ಸಾರ್.”

“ನಮ್ಮ ಕಡೆ ಗಾಳಿ ಓಡಾಡುತ್ತೆ. ಸೈಕಲ್ ಅದರ ಜೊತೆ ಹೋಗುತ್ತೆ.”

ಅಕ್ಟೋಬರಿನಲ್ಲಿ ಆ ಸೈಕಲ್ ಶಾಲೆಯ ಗೋಡೆಯಿಂದ ಹೊರಟು ರೇನಾಲ್ ಮನೆಯವರ ಗೊಬ್ಬರದ ಗುಂಡಿಯಲ್ಲಿ ಸಿಕ್ಕಿತು. ಟೀಚರಮ್ಮ ಅದನ್ನು ತೊಳೆದು, ಮತ್ತೆ ಗೋಡೆಗೆ ಒರಗಿಸಿ, ಈ ಸಲ ಸರಪಳಿ ಹಾಕಿದರು. ಈ ಹೆಣ್ಣು ಕ್ರಿಸ್ಮಸ್ಸಿಗೆ ಊರಿಗೆ ಹೋದರೆ ವಾಪಸು ಬರುವುದಿಲ್ಲ ಎಂದು ಕೆಫೆಯಲ್ಲಿ ಗಂಡಸರು ಬಾಜಿ ಕಟ್ಟಿದರು. ನಾನೂ ಒಂದು ಡಜನ್ ಮೊಟ್ಟೆ ಕಟ್ಟಿದ್ದೆ, ಸುಳ್ಳೇಕೆ ಹೇಳಲಿ.

ಇನ್ನು ಮೊದಲ ಭೂಗೋಳ ಪಾಠದ ವಿಚಾರ. ಶಾಲೆಯ ಅಡುಗೆಮನೆಗೂ ತರಗತಿಗೂ ನಡುವೆ ಇರುವುದು ಒಂದೇ ಬಾಗಿಲು, ಅದೂ ಸರಿಯಾಗಿ ಮುಚ್ಚುವುದಿಲ್ಲ. ಹೀಗಾಗಿ ಮೂವತ್ತೇಳು ವರ್ಷದ ಪಾಠವೆಲ್ಲ ನನ್ನ ಕಿವಿಗೆ ಬಿದ್ದಿದೆ. ಅಂದು ಅವರು ಮಕ್ಕಳನ್ನು ಕೇಳಿದರು, “ನಮ್ಮೂರಲ್ಲಿ ಬೆಟ್ಟ ಎಷ್ಟಿವೆ?” ಒಂದೂ ಇಲ್ಲ, ನಮ್ಮದು ಪ್ರಸ್ಥಭೂಮಿ ಎಂಬ ಉತ್ತರ ಬರಿಸಿ, ಅಲ್ಲಿಂದ ಪಾಠ ಶುರು ಮಾಡುವ ಎಣಿಕೆ ಅವರದು. ಎಂಟು ವರ್ಷದ ಒಡೆಟ್ ರೇನಾಲ್ ಎದ್ದು ನಿಂತಳು.

“ಮೂವತ್ತೊಂದು, ಮೇಡಂ. ನಮ್ಮಪ್ಪಂಗೆ ಎರಡು. ದೊಡ್ಡಪ್ಪಂಗೆ ಒಂದೂವರೆ.”

“ಒಂದೂವರೆ ಬೆಟ್ಟಾನಾ?”

“ಇನ್ನರ್ಧ ಅತ್ತೆ ಮದುವೇಲಿ ಕೊಟ್ಬಿಟ್ರು, ಮೇಡಂ.”

ತಮ್ಮನ್ನು ಗೇಲಿ ಮಾಡುತ್ತಿದ್ದಾಳೆಂದು ಬಗೆದು ಟೀಚರಮ್ಮ ಅವಳಿಗೆ ಸೊನ್ನೆ ಕೊಟ್ಟರು. ಮಾರನೆಯ ಬೆಳಿಗ್ಗೆ ಒಡೆಟ್‌ಳ ಅಜ್ಜಿ ಫಿಲೊಮೆನ್ ಕೋಲು ಕುಟ್ಟಿಕೊಂಡು ನನ್ನ ಅಡುಗೆಮನೆಯ ಮೂಲಕವೇ ತರಗತಿಗೆ ನುಗ್ಗಿದಳು. ಇವತ್ತು ಟೀಚರಮ್ಮನ ಕಥೆ ಮುಗಿಯಿತು ಎಂದುಕೊಂಡು ನಾನು ಸೌಟು ಹಿಡಿದೇ ಹಿಂದೆ ಹೋದೆ.

“ನನ್ನ ಮೊಮ್ಮಗಳಿಗೆ ಸೊನ್ನೆ ಕೊಟ್ಟೋರು ನೀವೇನಾ?”

“ಹೌದು ಅಜ್ಜಿ, ಯಾಕಂದ್ರೆ…”

“ಸರಿಯಾಗೇ ಮಾಡಿದ್ರಿ. ಪಾದ್ರಿಗಳ ಬೆಟ್ಟಾನೇ ಬಿಟ್ಬಿಟ್ಟಿದಾಳೆ, ಮುಂಡೇದು. ಮೂವತ್ತೆರಡು.”

ಟೀಚರಮ್ಮ ಸೀಮೆಸುಣ್ಣ ಕೆಳಗಿಟ್ಟರು. “ಅಜ್ಜಿ, ನಿಮ್ಮ ದಮ್ಮಯ್ಯ, ಒಂದು ಬೆಟ್ಟ ತೋರಿಸಿ ನನಗೆ.”

ಫಿಲೊಮೆನ್ ಅಜ್ಜಿ ಕಿಟಕಿಯ ಬಳಿ ನಿಂತು ಕೋಲೆತ್ತಿದಳು. “ಅಗೋ.”

“ಅದು ಹುಲ್ಲುಗಾವಲಲ್ವಾ?”

“ಹುಲ್ಲುಗಾವಲು ಮನೆ ಹಿಂದಿರೋದು. ಇದು ಬೆಟ್ಟ. ಬೇಸಿಗೇಲಿ ದನ ಏರಿಸಿ ನಾಲ್ಕು ತಿಂಗಳು ಬಿಡ್ತೀವಲ್ಲ, ಅದು.”

“ಏರಿಸ್ತೀರಾ? ಎಲ್ಲಿಗಜ್ಜಿ ಏರಿಸೋದು? ಅಂಗೈ ಥರ ಸಮತಟ್ಟಾಗಿದೆಯಲ್ಲ!”

“ಸಮತಟ್ಟಾಗಿಲ್ದೆ ಇದ್ರೆ ದನ ಉರುಳಿಹೋಗಲ್ವೇನಮ್ಮ?” ಎಂದು ಅಜ್ಜಿ ಬಹಳ ಕನಿಕರದಿಂದ ಕೇಳಿದಳು. ಓದಿದವರಿಗೆ ಇಷ್ಟೂ ತಿಳಿಯದಲ್ಲ ಎಂಬ ಕನಿಕರ ಅದು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನಮ್ಮ ಬೆಟ್ಟಗಳು ಹತ್ತಿರದಿಂದಲೂ ನುಣ್ಣಗೇ. ನಾವು ಅವನ್ನು ಕೊಳ್ಳುತ್ತೇವೆ, ಮಾರುತ್ತೇವೆ, ಅಳಿಯನಿಗೆ ಕೊಡುತ್ತೇವೆ, ಅಣ್ಣತಮ್ಮಂದಿರು ಬೇಲಿ ಹಾಕಿ ಪಾಲು ಮಾಡಿಕೊಂಡು ಇಪ್ಪತ್ತು ವರ್ಷ ಮಾತು ಬಿಡುತ್ತೇವೆ. ಇದು ಮಾತೇ ಅಲ್ಲ ಎಂದು ಬೇರೆ ಟೀಚರಾದರೆ ಮಕ್ಕಳ ನಾಲಗೆ ತಿದ್ದಲು ಹೊರಡುತ್ತಿದ್ದರು. ಇವರು ಅಂದೇ ಎಲ್ಲರೆದುರಿಗೆ ಒಡೆಟ್‌ಳ ಸೊನ್ನೆ ಹೊಡೆದು ಹಾಕಿ, “ತಪ್ಪು ನನ್ನದು, ಕ್ಷಮಿಸು” ಎಂದರು. ಟೀಚರೊಬ್ಬರು ಮಗುವಿನ ಕ್ಷಮೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಮಗುವಂತೂ ಕಕ್ಕಾಬಿಕ್ಕಿಯಾಗಿ ಅತ್ತೇಬಿಟ್ಟಿತು.

ಕ್ರಿಸ್ಮಸ್ಸಿಗೆ ಊರಿಗೆ ಹೋದವರು ಜನವರಿಯಲ್ಲಿ ಎರಡು ಜೊತೆ ಬೂಟಿನೊಂದಿಗೆ ವಾಪಸು ಬಂದರು. ನನ್ನ ಮೊಟ್ಟೆಗಳು ಹೋದವು. ಅಂದಿನಿಂದ ಶುರುವಾದದ್ದು ಇಂದಿಗೂ ತರಗತಿಯ ಹಿಂಗೋಡೆಯನ್ನು ತುಂಬಿಕೊಂಡಿರುವ ಬೆಟ್ಟಗಳ ನಕ್ಷೆ. ಮಕ್ಕಳನ್ನು ಕಟ್ಟಿಕೊಂಡು ಒಂದೊಂದೇ ಬೆಟ್ಟ ಸುತ್ತಿ, ಹೆಸರೇನು, ಒರತೆ ಎಲ್ಲಿ, ಚೀಸ್ ಮಾಡುವ ಕಲ್ಲುಗುಡಿಸಲಿಗೆ ಮಾಡು ಇದೆಯೋ ಬಿದ್ದಿದೆಯೋ, ಎಷ್ಟು ದನಕ್ಕೆ ಮೇವು ಸಾಕು ಎಂದು ಎಲ್ಲವನ್ನೂ ಬರೆಸಿದರು. ಕಾಡಿಗೆ ತೀಡಿದಂಥ ಕಣ್ಣುಗಳ ನಮ್ಮ ಕಂದು ಹಸುಗಳು ಟೀಚರಮ್ಮನ ಹಿಂದೆ ಸಾಲಾಗಿ ಬರುತ್ತಿದ್ದುದನ್ನು ಕಂಡವರು, ಈ ಸಲ ಶಾಲೆಗೆ ಹಾಜರಿ ಚೆನ್ನಾಗಿದೆ ಎಂದು ನಗುತ್ತಿದ್ದರು.

ಜನ, ಕಸುಬು, ಸಂಪಾದನೆ ಎಂಬ ಪಾಠವೂ ಹಾಗೆಯೇ. ಪುಸ್ತಕದಲ್ಲಿ ನಮ್ಮ ಜಿಲ್ಲೆಯ ಬಗ್ಗೆ ಇದ್ದದ್ದು ಮೂರು ಸಾಲು: ಚಳಿ ಹೆಚ್ಚು, ಜನ ಕಡಿಮೆ, ದನ ಇವೆ. ಟೀಚರಮ್ಮ ಪುಸ್ತಕ ಮುಚ್ಚಿ ಮಕ್ಕಳನ್ನು ಕೇಳಿದರು, “ನಮ್ಮೂರಿನೋರು ಅತಿ ಹೆಚ್ಚು ಇರೋ ಪಟ್ಟಣ ಯಾವುದು?” ಇಡೀ ತರಗತಿ ಒಂದೇ ಕೊರಳಲ್ಲಿ “ಪ್ಯಾರಿಸ್!” ಎಂದಿತು. ಇದಕ್ಕೆ ಅವರು ಸೊನ್ನೆ ಕೊಡಲಿಲ್ಲ, ಅಷ್ಟರಲ್ಲಿ ಪಳಗಿದ್ದರು. ಲಾ ಫಾಜ್‌ನಲ್ಲಿ ನಾವಿದ್ದದ್ದು ಇನ್ನೂರ ಹತ್ತು ಮಂದಿ. ಪ್ಯಾರಿಸ್ಸಿನಲ್ಲಿ ಕೆಫೆ ನಡೆಸುವ ಲಾ ಫಾಜ್‌ನವರು ಮುನ್ನೂರಕ್ಕೂ ಮೇಲೆ. ಅಜ್ಜಂದಿರು ಬೆನ್ನ ಮೇಲೆ ಇದ್ದಿಲು ಹೊತ್ತು ಮಾರಲು ಹೋದವರು, ಅಪ್ಪಂದಿರು ಅಲ್ಲೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತರು. ಪ್ರತಿ ಮಗುವೂ ಪ್ಯಾರಿಸ್ಸಿನ ಚಿಕ್ಕಪ್ಪನಿಗೆ ಕಾಗದ ಬರೆದು, ನಿನ್ನ ಕೆಫೆಯಲ್ಲಿ ನಮ್ಮೂರ ಚೀಸ್ ಎಷ್ಟು ಖರ್ಚಾಗುತ್ತದೆ ಎಂದು ಕೇಳಬೇಕಾಯಿತು. ಇಬ್ಬರು ಚಿಕ್ಕಪ್ಪಂದಿರು ನಾಚಿಕೊಂಡು ಚೀಸ್ ತರಿಸಲು ಶುರು ಮಾಡಿದರು.

ಸಮಿತಿಯವರು ವಿಶೇಷವಾಗಿ ಕೇಳಿರುವುದರಿಂದ ಟೀಚರಮ್ಮ ನನಗೆ ಮಾಡಿದ ಉಪಕಾರವೊಂದನ್ನು ಇಲ್ಲಿ ದಾಖಲಿಸುತ್ತೇನೆ. ೧೯೮೯ರಲ್ಲಿ ನನ್ನ ಗಂಡ ಮಾರ್ಸ್ಲಾನ್ ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡ. ಹದಿನಾಲ್ಕು ಹಸು, ಒಬ್ಬಳೇ ನಾನು. ಮಾರನೆಯ ಬೆಳಿಗ್ಗೆ ಐದೂವರೆಗೆ ಟೀಚರಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಜನ್ಮದಲ್ಲಿ ಕೆಚ್ಚಲು ಮುಟ್ಟಿದವರಲ್ಲ. ಮೊದಲ ಹಸು ಒದೆಯಿತು, ಎರಡನೆಯದು ಬಕೆಟ್ಟಿನಲ್ಲಿ ಕಾಲಿಟ್ಟಿತು, ಮೂರನೆಯದು ಬಾಲದಿಂದ ಕೆನ್ನೆಗೆ ಬಾರಿಸಿತು. ನಾಳೆ ಬರುವುದಿಲ್ಲ ಬಿಡು ಅಂದುಕೊಂಡೆ. ಏಳು ವಾರ ಬಂದರು. ಕೊನೆಗೆ ಹಾಲು ಕರೆಯುವುದು ನಿಜವಾಗಿಯೂ ಬಂತೇ ಎಂದು ಕೇಳಿದರೆ, ಅಷ್ಟಾಗಿ ಬರಲಿಲ್ಲ; ಹಸುಗಳೇ ಹೊಂದಿಕೊಂಡವು.

ಈಗ ಫಾರಮ್ಮಿನ ವಿಷಯ. ಟೀಚರಮ್ಮ ಬಂದಾಗ ಇಪ್ಪತ್ತಮೂರಿದ್ದ ಮಕ್ಕಳು ೧೯೯೬ರ ಹೊತ್ತಿಗೆ ಒಂಬತ್ತಕ್ಕೆ ಇಳಿದಿದ್ದರು. ಅಂಥ ಶಾಲೆಗಳನ್ನು ಮುಚ್ಚಿ, ಮಕ್ಕಳನ್ನು ಬಸ್ಸಿನಲ್ಲಿ ಹತ್ತಿರದ ದೊಡ್ಡ ಶಾಲೆಗೆ ಸಾಗಿಸಬೇಕೆಂದು ಮೇಲಿನವರ ತೀರ್ಮಾನ. ನಮಗೆ ಹತ್ತಿರದ್ದು ವಿಯಾಲಾರ್, ಹದಿನಾಲ್ಕು ಕಿಲೋಮೀಟರ್. ಶಾಲೆ ಮುಚ್ಚಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಕ್ಕದ ಎರಡು ಊರುಗಳಲ್ಲಿ ನೋಡಿದ್ದೆವು: ಮೊದಲು ಶಾಲೆ, ಮರುವರ್ಷ ಎಳೆಯ ಸಂಸಾರಗಳು, ಆಮೇಲೆ ಬ್ರೆಡ್ಡಿನ ಗಾಡಿ, ಕೊನೆಗೆ ಕೆಫೆ. ನನ್ನ ಕೆಲಸವೂ ಹೋಗುತ್ತಿತ್ತೆನ್ನಿ. ಆದರೆ ಕೆಲಸಕ್ಕಿಂತ ಹೆಚ್ಚಾಗಿ, ಹನ್ನೆರಡು ಗಂಟೆಗೆ ಆ ಬಾಗಿಲ ಸಂದಿಯಿಂದ ಮಕ್ಕಳ ಗಲಾಟೆ ಕೇಳದ ಒಂದು ದಿನವನ್ನು ನೆನೆದಾಗಲೆಲ್ಲ ನಾನು ಸೌಟು ಕೆಳಗಿಟ್ಟು ಹೋಗಿ ಆ ಬಾಗಿಲನ್ನು ಇನ್ನಷ್ಟು ತೆರೆದಿಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ಮೇಯರ್ ಕಚೇರಿಗೆ ಒಂದು ಫಾರಮ್ಮು ಬಂತು. ಅದರಲ್ಲೊಂದು ಪ್ರಶ್ನೆ: “ನಿಮ್ಮ ಶಾಲೆಗೂ ಹತ್ತಿರದ ಶಾಲೆಗೂ ನಡುವೆ ಬೆಟ್ಟಗಳಿವೆಯೇ? ಇದ್ದಲ್ಲಿ ಎಷ್ಟು?” ಲೆಯೋನ್ಸ್ ಅವರು ಕನ್ನಡಕ ಹಾಕಿಕೊಂಡು, ಬೆರಳು ಮಡಚಿ ಎಣಿಸಿ, ತಮ್ಮ ದುಂಡು ಅಕ್ಷರದಲ್ಲಿ “ಹನ್ನೊಂದು” ಎಂದು ಬರೆದು ಅಂಚೆಗೆ ಹಾಕಿದರು. ಆ ಮನುಷ್ಯ ಕುತಂತ್ರ ಮಾಡಿದರೆಂದು ಜಿಲ್ಲೆಯಲ್ಲಿ ಈಗಲೂ ಹೇಳುವವರಿದ್ದಾರೆ. ಹುಚ್ಚು ಮಾತು. ಕುತಂತ್ರ ಮಾಡುವಷ್ಟು ಫಾರಮ್ಮು ಓದುವ ತಾಳ್ಮೆ ಅವರಿಗೆಲ್ಲಿಯದು? ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದರು, ಅಷ್ಟೇ.

ಫೆಬ್ರವರಿಯಲ್ಲಿ ಉತ್ತರ ಬಂತು. ನಡುವೆ ಹನ್ನೊಂದು ಬೆಟ್ಟಗಳಿರುವುದನ್ನು ಗಮನಿಸಿ ಮುಚ್ಚುವ ಆದೇಶವನ್ನು ತಡೆಹಿಡಿಯಲಾಗಿದೆ. ತನಿಖಾಧಿಕಾರಿಗಳು ಮಾರ್ಚಿಯಲ್ಲಿ ಸ್ವತಃ ಬಂದು ಪರಿಶೀಲಿಸುವರು. ಮೊದಲರ್ಧ ಓದಿ ಕೆಫೆಯಲ್ಲಿ ಸೀಸೆಗಳು ತೆರೆದುಕೊಂಡವು. ಟೀಚರಮ್ಮ ಎರಡನೆಯ ಅರ್ಧ ಓದಿದರು, ಆಮೇಲೆ ಮೊದಲರ್ಧವನ್ನು ಇನ್ನೊಮ್ಮೆ ಓದಿದರು.

“ಲೆಯೋನ್ಸ್ ಸಾರ್, ಏನಂತ ಬರೆದ್ರಿ ನೀವು?”

“ಹನ್ನೊಂದು ಅಂತ. ಯಾಕೆ, ರೇನಾಲ್‌ದು ಅರ್ಧಾನೂ ಸೇರಿಸ್ಬೇಕಿತ್ತಾ?”

“ಅಯ್ಯೋ ದೇವರೇ. ಅವರು ಕೇಳಿದ್ದು ಬೆಟ್ಟ, ಸಾರ್! ಎತ್ತರದ್ದು! ಹಿಮ ಕೂತ್ಕೊಳ್ಳೋದು!”

“ನಮ್ಮದ್ರ ಮೇಲೂ ಕೂತ್ಕೊಳ್ಳುತ್ತಲ್ಲಮ್ಮ.”

ಆಗ ನಿಧಾನವಾಗಿ ಒಬ್ಬೊಬ್ಬರ ಮುಖವೂ ಇಳಿಯಿತು. ತಪ್ಪು ನಮ್ಮದೇ ಎಂದು ತಿಳಿದ ಮೇಲೆ ಅದನ್ನು ಮುಚ್ಚಿಡಲು ನಮ್ಮೂರಿನವರ ತಲೆ ಎಂಜಿನ್ನಿನ ಹಾಗೆ ಓಡತೊಡಗಿತು. ಮಂಜು ಕವಿದ ದಿನ ಕರೆಸೋಣ, ಮಂಜಿನಲ್ಲಿ ಆಲ್ಪ್ಸೂ ಒಂದೇ ನಮ್ಮ ಕೊಟ್ಟಿಗೆಯೂ ಒಂದೇ ಎಂದರು ಒಬ್ಬರು. ಅಧಿಕಾರಿಗಳಿಗೆ ಜೆಂಟಿಯನ್ ಬೇರಿನ ಸಾರಾಯಿ ನಾಲ್ಕು ಲೋಟ ಕುಡಿಸಿದರೆ ಬೆಟ್ಟ ತಾನಾಗಿಯೇ ಕಾಣುತ್ತದೆ ಎಂದ ನನ್ನ ಗಂಡ. ಟೀಚರಮ್ಮ ಏನೂ ಹೇಳುವುದು ಬೇಡ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದರು ಲೆಯೋನ್ಸ್.

“ಅದಾಗಲ್ಲ ಸಾರ್,” ಎಂದರು ಅವರು. “ಚರಿತ್ರೇಲಿ ಸುಳ್ಳು ಹೇಳಬಹುದು, ಸತ್ತೋರು ಎದ್ದು ಬರಲ್ಲ. ಭೂಗೋಳದಲ್ಲಿ ಸುಳ್ಳು ಹೇಳಿದ್ರೆ ಕಿಟಕೀಲಿ ಕಾಣುತ್ತೆ. ಒಂಬತ್ತು ಮಕ್ಕಳು ನನ್ನ ಮುಂದೆ ಕೂತಿರ್ತಾರೆ. ಅವರು ಕೇಳಿದ್ರೆ ನಾನು ಹೇಳೋದೇ.”

ನನಗೆ ಎಲ್ಲಿತ್ತೋ ಸಿಟ್ಟು. “ನಿಮಗೇನು ಬಿಡಿ!” ಎಂದು ಕಿರುಚಿದೆ. “ನಿಮಗೆ ಬೇರೆ ಕಡೆ ವರ್ಗ ಆಗುತ್ತೆ. ಪೆಟ್ಟಿಗೆ ಕಟ್ಕೊಂಡು ಹೋಗ್ತೀರಿ. ಸಾಯೋರು ನಾವು!”

ಅವರು ಕೋಟು ಹಾಕಿಕೊಂಡು ಹೊರಟುಹೋದರು. ಆಮೇಲೆ ಹತ್ತು ದಿನ ಊರಿನಲ್ಲಿ ಯಾರೂ ಅವರನ್ನು ಮಾತಾಡಿಸಲಿಲ್ಲ. ನಾನಂತೂ ಅವರ ಬಟ್ಟಲಿಗೆ ಉಪ್ಪಿಲ್ಲದ ಸೂಪನ್ನೇ ಹಾಕಿದೆ, ಬೇಕೆಂದೇ. ಅವರು ಅದನ್ನು ಪೂರ್ತಿ ಕುಡಿದು, ದಿನವೂ “ಥ್ಯಾಂಕ್ಸ್, ಕ್ಲೆಮಾನ್ಸ್” ಎಂದು ಬಟ್ಟಲು ತಂದಿಡುತ್ತಿದ್ದರು.

ಮಾರ್ಚಿ ಹದಿನೆಂಟರಂದು ತನಿಖಾಧಿಕಾರಿ ಆನ್ಸೆಲ್ಮ್ ಲಾರ್ಟಿಗ್ ಅವರು ಹೊಳೆಯುವ ಬೂಟು ತೊಟ್ಟು, ಕಂಕುಳಲ್ಲಿ ನಕ್ಷೆ ಇಟ್ಟುಕೊಂಡು ಕಾರಿನಿಂದಿಳಿದರು. ಮಂಜಿರಲಿಲ್ಲ. ವರ್ಷಕ್ಕೆ ಆರು ತಿಂಗಳು ಕವಿದಿರುವ ಮಂಜು ಅಂದೇ ಎಲ್ಲಿ ಹಾಳಾಗಿತ್ತೋ, ಆಕಾಶ ತೊಳೆದಿಟ್ಟ ಗಾಜಿನ ಹಾಗಿತ್ತು. ನೆಲದ ಮೇಲೆ ತೆಳ್ಳನೆಯ ಹಿಮದ ಪುಡಿ. ಅಧಿಕಾರಿಗಳು ಒಂದು ಸುತ್ತು ತಿರುಗಿ ನಾಲ್ಕೂ ದಿಕ್ಕು ನೋಡಿದರು.

“ಬೆಟ್ಟಗಳೆಲ್ಲಿ?”

ಲೆಯೋನ್ಸ್ ಕೆಮ್ಮಿದರು. ನನ್ನ ಗಂಡ ಸೀಸೆ ತರಲು ಓಡಿದ. ಟೀಚರಮ್ಮ ಮುಂದೆ ಬಂದು, ಅಧಿಕಾರಿಗಳು ಟೋಪಿ ತೆಗೆಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟರು: ಬೆಟ್ಟವೆಂದರೆ ಇಲ್ಲಿ ಏನು, ಮೇಯರರು ಏನು ತಿಳಿದು ಬರೆದರು, ಎಲ್ಲವನ್ನೂ. “ಅವರು ಸುಳ್ಳು ಬರೆದಿಲ್ಲ, ಸಾರ್. ನಿಮ್ಮ ಫಾರಮ್ಮು ನಮ್ಮೂರ ಭಾಷೇಲಿ ಇರಲಿಲ್ಲ.” ಶಾಲೆಯ ಕಟ್ಟೆಯ ಮೇಲೆ ಕೂತಿದ್ದ ಇಡೀ ಊರು ಒಟ್ಟಿಗೆ ನಿಟ್ಟುಸಿರು ಬಿಟ್ಟಿತು.

ಲಾರ್ಟಿಗ್ ಅವರು ಕೆಟ್ಟ ಮನುಷ್ಯರೇನಲ್ಲ. “ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆ, ಮೇಡಂ. ಊರು ಎತ್ತರದಲ್ಲಿದೆ, ಒಪ್ಪಿದೆ. ಆದ್ರೆ ನಡುವೆ ಏನೂ ಇಲ್ಲವಲ್ಲ. ಸಪಾಟು ರಸ್ತೆ, ಬಸ್ಸಿಗೆ ಇಪ್ಪತ್ತು ನಿಮಿಷ. ನಾನೇನು ಮಾಡಲಿ ಹೇಳಿ?” ಎಂದರು. ಆಮೇಲೆ ಕಡತ ತಿರುವುತ್ತಾ, “ಅದೂ ಅಲ್ದೆ ನಿಮಗೆ ನಿಮ್ಮ ತಂದೆತಾಯಿ ಊರಿನ ಪಕ್ಕದಲ್ಲೇ ದೊಡ್ಡ ಶಾಲೆ ಕೊಟ್ಟಿದ್ವಿ. ಎರಡು ಸಲ. ಎರಡು ಸಲಾನೂ ಬೇಡ ಅಂದಿದೀರಿ, ಇಲ್ಲಿ ಬರ್ದಿದೆ,” ಎಂದರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಕೈಯಲ್ಲೇ ಸೌಟು ನಿಂತಿತು. ಹತ್ತು ದಿನದ ಆ ಸಪ್ಪೆ ಸೂಪನ್ನೆಲ್ಲ ನಾನೇ ಒಟ್ಟಿಗೆ ಕುಡಿದಂತಾಯಿತು. ಟೀಚರಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ನಾನು ಸತ್ಯವಾಗಿಯೂ ನಾಚಿಕೊಂಡದ್ದು ಬದುಕಿನಲ್ಲಿ ಅದೊಂದೇ ಸಲ.

ಬಂದ ಅತಿಥಿಯನ್ನು ಹಸಿದು ಕಳಿಸುವ ಊರಲ್ಲ ನಮ್ಮದು, ಗಲ್ಲಿಗೇರಿಸಲು ಬಂದವನಾದರೂ ಸರಿ. ಆಲಿಗೊ ಬಡಿಸಿದೆ. ಬೆಂದ ಆಲೂಗಡ್ಡೆಗೆ ಹಸಿ ಚೀಸ್ ಬೆರೆಸಿ ತಿರುವುತ್ತಾ ಹೋದರೆ ಅದು ಹಗ್ಗದಂತೆ ಎಳೆಬಿಡುತ್ತದೆ. ಅಧಿಕಾರಿಗಳು ಬೇಡ ಬೇಡ ಎನ್ನುತ್ತಲೇ ಎರಡು ತಟ್ಟೆ ಮುಗಿಸಿದರು. ಮಕ್ಕಳು ಅವರ ಮೀಸೆಯಿಂದ ತಟ್ಟೆಯವರೆಗೆ ಇಳಿದಿದ್ದ ಎಳೆಯ ಉದ್ದವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುತ್ತಿದ್ದರು. ಊಟವಾದ ಮೇಲೆ ಅವರು ವಿಯಾಲಾರ್ ಶಾಲೆಯನ್ನೂ ನೋಡಿ ವರದಿ ಮುಗಿಸುವುದಾಗಿ ಎದ್ದರು.

ಟೀಚರಮ್ಮ ಕಿಟಕಿಯಿಂದಾಚೆ ನೋಡಿದರು. “ಗಾಳಿ ಏಳೋ ಹಾಗಿದೆ, ಸಾರ್. ಇವತ್ತು ಇಲ್ಲೇ ಇರಿ.”

“ಇಷ್ಟು ಬಿಸಿಲಲ್ಲಿ? ಹದಿನಾಲ್ಕು ಕಿಲೋಮೀಟರು, ಮೇಡಂ!”

“ಮೂರು ಬೆಟ್ಟ ದಾಟಿದ್ಮೇಲೆ ಗುಡಿಸಲೂ ಸಿಗಲ್ಲ,” ಎಂದರು ಅವರು. ಅಧಿಕಾರಿಗಳು ನಕ್ಕು ಕಾರು ಹತ್ತಿದರು.

ಹೊರಗಿನವರಿಗೆ ನಮ್ಮ ಗಾಳಿ ಅರ್ಥವಾಗುವುದಿಲ್ಲ. ಅದಕ್ಕೆ ಆಕಾಶದಿಂದ ಹಿಮ ಬೀಳಬೇಕೆಂದಿಲ್ಲ; ನೆಲದಲ್ಲಿ ಬಿದ್ದಿರುವುದನ್ನೇ ಎಬ್ಬಿಸಿ ಅಡ್ಡಡ್ಡಲಾಗಿ ತೂರುತ್ತದೆ. ಮೇಲೆ ನೀಲಿ ಆಕಾಶ, ಸೊಂಟದಿಂದ ಕೆಳಗೆ ಬಿಳೀ ಕತ್ತಲೆ. ತಡೆಯಲು ಒಂದು ಮರವಿಲ್ಲ, ದಿಬ್ಬವಿಲ್ಲ. ನೆಲ ಸಪಾಟಾಗಿರುವುದೇ ಅದಕ್ಕೆ ಅನುಕೂಲ. ಅಧಿಕಾರಿಗಳು ಹೋಗಿ ಕಾಲು ಗಂಟೆಯಾಗುವಷ್ಟರಲ್ಲಿ ಶಾಲೆಯ ಕಿಟಕಿಯಿಂದ ಎದುರಿನ ಚರ್ಚು ಕಾಣದಾಯಿತು. ಕಟ್ಟೆಯ ಮೇಲಿದ್ದವರೆಲ್ಲ ಒಳಗೆ ಬಂದು ಒಲೆಯ ಸುತ್ತ ನಿಂತರು.

“ಗಾಳಿ ಬಂದಾಗ ತೂರಿಕೋ ಅಂತಾರೆ,” ಎಂದ ನನ್ನ ಗಂಡ, ಸಣ್ಣಗೆ ನಗುತ್ತ. “ದೇವರೇ ನೋಡ್ಕೊಂಡ. ಒಂದೆರಡು ಗಂಟೆ ಅಲ್ಲೇ ಇರ್ಲಿ ಬಿಡಿ, ಬುದ್ಧಿ ಬರುತ್ತೆ.”

“ಮಾರ್ಸ್ಲಾನ್!” ಎಂದರು ಟೀಚರಮ್ಮ. ಅವರು ಕೂಗಿದ್ದನ್ನು ನಾವು ಕೇಳಿದ್ದು ಅದೇ ಮೊದಲು. “ಟೊಪ್ಪಿಗೆ ಹಾಕ್ಕೋ. ಲೆಯೋನ್ಸ್ ಸಾರ್, ಟ್ರ್ಯಾಕ್ಟರ್ ತೆಗೀರಿ. ಆ ಮನುಷ್ಯನ ಕಾಲಲ್ಲಿ ಪೇಟೆ ಬೂಟಿದೆ!” ಮಕ್ಕಳನ್ನು ನನಗೊಪ್ಪಿಸಿ ತಾವೇ ಮೊದಲು ಹೊರಬಿದ್ದರು. ಶಾಲೆ ಮುಚ್ಚಿಸಲು ಬಂದವನನ್ನು ಬದುಕಿಸಲು ಹೊರಟ ಆ ಹೆಂಗಸಿನ ಬೆನ್ನು ಬಿಳುಪಿನಲ್ಲಿ ಮರೆಯಾಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಒಂದು ಗಂಟೆ ಹತ್ತು ನಿಮಿಷದ ಮೇಲೆ ಬಂದರು. ಕಾರು ಹಳ್ಳದಲ್ಲಿ ಮೂತಿ ಹುಗಿದುಕೊಂಡಿತ್ತಂತೆ. ಅಧಿಕಾರಿಗಳು ಒಂದು ಬೂಟು ಕಳೆದುಕೊಂಡು, ತಂತಿಬೇಲಿ ಹಿಡಿದು ನಡೆದು ವಾಪಸು ಬರುತ್ತಿದ್ದರಂತೆ. ಟೀಚರಮ್ಮನಿಗೆ ಸಿಕ್ಕಾಗ ಪಾದ್ರಿಗಳ ಬೆಟ್ಟದ ಗೇಟು ತಬ್ಬಿಕೊಂಡು ನಿಂತಿದ್ದರಂತೆ. ಒಲೆಯ ಮುಂದೆ ಕೂರಿಸಿ, ಕಂಬಳಿ ಹೊದಿಸಿ, ಕಾಲನ್ನು ಬೆಚ್ಚಗಿನ ನೀರಿನಲ್ಲಿಟ್ಟೆವು. ಮೀಸೆಯ ಮಂಜುಗಡ್ಡೆ ಕರಗಿ ತೊಟ್ಟಿಕ್ಕುತ್ತಿತ್ತು. ಹಲ್ಲಿನ ಕಡಕಡ ನಿಂತ ಮೇಲೆ ಅವರು ಆಡಿದ ಮೊದಲ ಮಾತು ಇದು:

“ಮೂರು ಬೆಟ್ಟ ದಾಟಿದ್ದೆ, ಮೇಡಂ. ಇನ್ನೂ ಎಂಟು ಇತ್ತು.”

ಯಾರೂ ನಗಲಿಲ್ಲ. ಅವರು ಒಲೆಯಾಚೆ ಒತ್ತೊತ್ತಾಗಿ ನಿಂತಿದ್ದ ಮಕ್ಕಳನ್ನು ನೋಡಿದರು. “ಇವರಲ್ಲಿ ತುಂಬಾ ಚಿಕ್ಕೋರು ಯಾರು?” ಎಂದು ಕೇಳಿದರು. ಐದು ವರ್ಷದ ನಿನೆಟ್ ಕೈಯೆತ್ತಿದಳು. ಅವಳ ಎತ್ತರ ಆ ಗೇಟಿನ ಎರಡನೆಯ ತಂತಿಗೂ ಬರುತ್ತಿರಲಿಲ್ಲ. ಅಧಿಕಾರಿಗಳು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೋಟಿನೊಳಗಿಂದ ಕಡತ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೆಟ್ಟಗಳ ಸಂಖ್ಯೆ ಎಂಬ ಜಾಗದಲ್ಲಿ ಹೀಗೆ ಬರೆದರು: “ಹನ್ನೊಂದು. ಅವುಗಳಲ್ಲಿ ಮೂರನ್ನು ನಾನೇ ಖುದ್ದಾಗಿ ದಾಟಿ ಪರಿಶೀಲಿಸಿದ್ದೇನೆ.”

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈಮುಗಿದು ಸುಮ್ಮನಾಗುತ್ತಿದ್ದರು. ನಮ್ಮ ಟೀಚರಮ್ಮ ಪೆನ್ನು ಕೇಳಿದರು! “ಇದು ಓದೋರಿಗೆ ಮತ್ತೆ ತಪ್ಪು ತಿಳಿಯುತ್ತೆ, ಸಾರ್,” ಎಂದು ಅದರ ಕೆಳಗೆ ತಮ್ಮ ಕೈಯಲ್ಲೇ, “ಇಲ್ಲಿ ಬೆಟ್ಟವೆಂದರೆ ಬೇಸಿಗೆಯಲ್ಲಿ ದನ ಮೇಯುವ, ಚಳಿಗಾಲದಲ್ಲಿ ಮಕ್ಕಳು ದಾಟಲಾಗದ ಸಮತಟ್ಟಾದ ಹುಲ್ಲುಗಾವಲು” ಎಂದು ಬರೆದರು. ಲೆಯೋನ್ಸ್ ತಲೆ ಚಚ್ಚಿಕೊಂಡರು. ಲಾರ್ಟಿಗ್ ಅವರು ಅದನ್ನು ಎರಡು ಸಲ ಓದಿ, ಎರಡರ ಕೆಳಗೂ ಸಹಿ ಹಾಕಿದರು. ಏಪ್ರಿಲ್‌ನಲ್ಲಿ ಬಂದ ಆದೇಶ ಈಗಲೂ ನಕ್ಷೆಯ ಪಕ್ಕದಲ್ಲಿ ತೂಗುತ್ತಿದೆ: ನಡುವೆ ಹನ್ನೊಂದು ಹುಲ್ಲುಗಾವಲುಗಳಿರುವ ಕಾರಣ ಲಾ ಫಾಜ್ ಶಾಲೆಯನ್ನು ಮುಂದುವರಿಸಲಾಗಿದೆ.

ಆ ಗಾಳಿಯ ದಿನ ಸಂಜೆ ಎಲ್ಲರೂ ಹೋದ ಮೇಲೆ ನಾನು ಕ್ಷಮಿಸಿ ಎನ್ನಲು ಟೀಚರಮ್ಮನ ಎದುರು ಹೋಗಿ ನಿಂತೆ. ಅವರೇ ಬಟ್ಟಲು ಚಾಚಿ, “ಇವತ್ತಾದ್ರೂ ಉಪ್ಪು ಹಾಕ್ತೀಯಾ, ಮಾರಾಯ್ತಿ?” ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು, ಆಮೇಲೆ ನಾನು ನಗುವುದನ್ನು ಬಿಟ್ಟು ಅತ್ತೆ.

ಮುಂದಿನ ಇಪ್ಪತ್ತೈದು ವರ್ಷಗಳನ್ನು ಬರೆಯಲು ಸಮಿತಿಯವರು ಕೊಟ್ಟ ಕಾಗದ ಸಾಲದು. ಈ ವರ್ಷ ಶಾಲೆಯಲ್ಲಿ ಹದಿನೇಳು ಮಕ್ಕಳಿದ್ದಾರೆ. ಬ್ರೆಡ್ಡಿನ ಗಾಡಿ ವಾರಕ್ಕೆ ಮೂರು ದಿನ ಬರುತ್ತದೆ. ಪ್ಯಾರಿಸ್ಸಿನ ಕೆಫೆ ಮಾರಿ ವಾಪಸು ಬಂದ ಎರಡು ಸಂಸಾರಗಳಿವೆ. ಶಾಲೆ ಇರುವುದರಿಂದಲೇ ಬಂದೆವು ಎನ್ನುತ್ತಾರೆ. ಸೆಪ್ಟೆಂಬರಿಗೆ ಹೊಸ ಟೀಚರ್ ನೇಮಕವಾಗಿದ್ದಾರೆ, ಸಮುದ್ರದ ಕಡೆಯವರಂತೆ, ಒಳ್ಳೆಯವರೇ ಇರಬೇಕು.

ನಿವೃತ್ತರಾದವರಿಗೆ ದೀರ್ಘಾಯುಷ್ಯ ಕೋರಿ, ಅವರ ಸೇವೆ ಮುಂದುವರಿಯಲಿ ಎಂದು ಹಾರೈಸುವುದು ಇಂಥ ಸಂಪುಟಗಳ ವಾಡಿಕೆ. ನನ್ನ ಹಾರೈಕೆಗೆ ಒಂದು ಅಡ್ಡಿ ಎದುರಾಯಿತು. ಶಾಲೆಯ ಊಟ ಮಕ್ಕಳಿಗೆ ಮತ್ತು ಸಿಬ್ಬಂದಿಗೆ ಮಾತ್ರ, ನಿವೃತ್ತರಿಗೆ ಇಲ್ಲ ಎಂದು ಮೇಲಿನಿಂದ ನಿಯಮವಿದೆ. ಮೂವತ್ತೇಳು ವರ್ಷ ನನ್ನ ಕೈಯಡುಗೆ ಉಂಡವರು ಸೆಪ್ಟೆಂಬರಿನಿಂದ ಬೀದಿಯಾಚೆಯ ಮನೆಯಲ್ಲಿ ಒಬ್ಬರೇ ಕೂತು ಉಣ್ಣಬೇಕೇ? ನಾನು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ “ಅಡುಗೆ ಸಹಾಯಕಿ, ಆಲೂಗಡ್ಡೆ ಸುಲಿಯುವವರು” ಎಂದು ಬರೆದುಬಿಟ್ಟೆ. ಮೊನ್ನೆ ಅದನ್ನು ಕಂಡು ಟೀಚರಮ್ಮ ಕನ್ನಡಕ ತೆಗೆದು ನನ್ನನ್ನು ದುರುಗುಟ್ಟಿ ನೋಡಿದರು.

“ಕ್ಲೆಮಾನ್ಸ್, ಇದು ಸುಳ್ಳು.”

“ಹಾಗಾದ್ರೆ ಬಂದು ಸುಲೀರಿ. ನಿಜ ಆಗುತ್ತೆ.”

ಅವರು ಕನ್ನಡಕ ಹಾಕಿಕೊಂಡು ಕೆಳಗೆ ಸಹಿ ಹಾಕಿದರು. ಆದ್ದರಿಂದ ಮಾನ್ಯ ಬ್ಲಾಂಡೀನ್ ದೆಕೂನಿಂಕ್ ಅವರು ನೂರು ವರ್ಷ ಬಾಳಲಿ, ಅವರ ಕೈಗೆ ನಡುಕ ಬಾರದಿರಲಿ. ಸೆಪ್ಟೆಂಬರ್ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ. ಹದಿನೇಳು ಮಕ್ಕಳಿಗೆ ಎಂಟು ಕಿಲೋ ಆಲೂಗಡ್ಡೆ ಬೇಕು. ಚಾಕು ನಿಮ್ಮದೇ ತನ್ನಿ, ಟೀಚರಮ್ಮ. ತಡ ಮಾಡಬೇಡಿ, ನಾನು ಕಾಯುತ್ತಿರುತ್ತೇನೆ.